ಹಗ್ಗಕ್ಕೆ ಕೈ ಹಚ್ಚಿದವರ ಪಾಲು

ಹೋದ ತಿಂಗಳು ಹೊನ್ನಾವರದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನನ್ನನ್ನು ಕರೆಸಿ ಶಾಲು ಹೊದಿಸಿದರು. ಹಾರ, ಹಣ್ಣಿನ ಬುಟ್ಟಿ, ಫೋಟೋ ಎಲ್ಲ ಆಯಿತು. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದಕ್ಕೆ ಇಷ್ಟಾದರೂ ಸಿಕ್ಕಿತಲ್ಲ ಎಂದು ನಾನೂ ಹಿಗ್ಗಿ ಕುಳಿತಿದ್ದೆ. ಆಗ ನಿರೂಪಣೆ ಮಾಡುತ್ತಿದ್ದ ಹುಡುಗ, ಅವನೂ ನನ್ನ ಕೈಯಲ್ಲೇ ಕಲಿತವನು, ಮೈಕಿನ ಹತ್ತಿರ ಬಾಯಿಟ್ಟು ಹೇಳಿದ:

"ನಮ್ಮ ನಾಗವೇಣಿ ಟೀಚರ್ ಇಂಗ್ಲಿಷಿಗೆ ಬುನಾದಿ ಹಾಕಿದವರು ಅವರ ದೊಡ್ಡಪ್ಪ. ಆ ಕಾಲದಲ್ಲಿ, ಮೀನುಗಾರರ ಮನೆಯಲ್ಲಿ, ದಿನಾ ಊಟಕ್ಕೆ ಕೂತಾಗ ಇಂಗ್ಲಿಷ್ ಪಾಠ ಆಗ್ತಿತ್ತಂತೆ! ಅಂಥ ಹಿರಿಯರ ನೆರಳಲ್ಲಿ ಬೆಳೆದವರು ಟೀಚರ್."

ಜನ ಚಪ್ಪಾಳೆ ಹೊಡೆದರು. ನನಗೆ ಅಲ್ಲೇ ಎದ್ದು ಮೈಕು ಕಸಿದುಕೊಳ್ಳಬೇಕು ಅನ್ನಿಸಿತು. ನನ್ನ ಸರದಿ ಬಂದಾಗ ಯಾರೋ ಬಂದು ಭಟ್ಕಳದ ಕಡೆ ಹೋಗುವವರಿಗೆ ಬಸ್ಸಿನ ಹೊತ್ತಾಯಿತು, ಎರಡೇ ಮಾತು ಆಡಿ ಎಂದು ಕಿವಿಯಲ್ಲಿ ಉಸುರಿದರು. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹೇಳಿ ಕುಳಿತೆ. ಮನೆಗೆ ಬಂದು ಶಾಲನ್ನು ಕುರ್ಚಿಯ ಮೇಲೆ ಎಸೆದೆ. ಅದು ಇನ್ನೂ ಅಲ್ಲೇ ಬಿದ್ದಿದೆ, ನನ್ನ ಸಿಟ್ಟೂ ಇನ್ನೂ ಇಳಿದಿಲ್ಲ. ನೆರಳಂತೆ! ಬಿಸಿಲಲ್ಲಿ ಬಂದವನಿಗೆ ಮರ ಕೊಡುವ ತಂಪಿಗೆ ಇಂಗ್ಲಿಷಿನಲ್ಲಿ ಶೇಡ್ ಅನ್ನುತ್ತಾರೆ, ಎದುರಿಗೆ ನಿಂತವನ ಮೈ ನಮ್ಮ ಮೇಲೆ ಕೆಡವುವ ಕಪ್ಪಿಗೆ ಶ್ಯಾಡೋ ಅನ್ನುತ್ತಾರೆ. ಈ ವ್ಯತ್ಯಾಸವನ್ನು ನಾನು ಕೇಳಿದ್ದೂ ಅದೇ ದೊಡ್ಡಪ್ಪನ ಬಾಯಿಂದ. ಅವನಿಂದ ನಮ್ಮ ಮೇಲೆ ಬಿದ್ದದ್ದು ಯಾವುದು ಎಂದು ಹೇಳಲು ನನಗೆ ಎರಡು ಮಾತು ಸಾಲುತ್ತಿರಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಾನು ಎಣಿಸುತ್ತೇನೆ. ಆ ಮನೆಯಲ್ಲಿ ನಾನು ಉಂಡದ್ದಕ್ಕಿಂತ ಬಡಿಸಿದ್ದೇ ಹೆಚ್ಚು.

ನಮ್ಮ ಮನೆ ಇದ್ದದ್ದು ಶರಾವತಿ ಸಮುದ್ರ ಸೇರುವ ಅಳಿವೆಯ ಹತ್ತಿರ, ಮರಳಿನ ಮೇಲೆ. ಹೆಂಚಿನ ಮಾಡು, ಸಗಣಿ ಸಾರಿಸಿದ ನೆಲ. ಗಾಳಿ ಯಾವ ದಿಕ್ಕಿಂದ ಬಂದರೂ ಹಾಸಿಗೆಯಲ್ಲಿ ಮರಳು, ಅನ್ನದಲ್ಲಿ ಮರಳು. ಮುಂದಿನ ಜಗಲಿಯಲ್ಲಿ ಬಲೆಯ ರಾಶಿ, ಹಿತ್ತಿಲಿನಲ್ಲಿ ಮೀನು ಒಣಗಿಸುವ ಚಾಪೆಗಳು, ನಡುವೆ ಒಂದು ನಡುಮನೆ, ಅದರ ಹಿಂದೆ ಅಡುಗೆಕೋಣೆ. ಎರಡರ ನಡುವಿನ ಮಣ್ಣಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಒಲೆಯ ಹೊಗೆ ಹೋಗಲಿ ಎಂದೂ ಬಡಿಸುವ ಪಾತ್ರೆ ದಾಟಿಸಲು ಬರಲಿ ಎಂದೂ ಬಿಟ್ಟ ಕಿಂಡಿ. ಗಂಡಸರು ನಡುಮನೆಯಲ್ಲಿ ಮಣೆ ಹಾಕಿ ಕೂರುತ್ತಿದ್ದರು. ಅವರು ಉಂಡು ಎದ್ದ ಮೇಲೆ ನಾನು ಮತ್ತು ಆಯಿ, ಅಂದರೆ ನನ್ನ ಅಮ್ಮ, ಒಲೆಯ ಮುಂದೆ. ಬಂಗಡೆ ಬಂದ ದಿನ ತೊಂದರೆಯಿರಲಿಲ್ಲ, ತಲೆಗೊಂದಾದರೂ ಉಳಿಯುತ್ತಿತ್ತು. ಇಸವಾಣ ಬಂದ ದಿನವೇ ಸಂಕಟ. ಅದು ದೊಡ್ಡ ಮೀನು, ಕೊಯ್ದು ತುಂಡು ಮಾಡಬೇಕು, ತುಂಡು ಎಂದ ಮೇಲೆ ಒಳ್ಳೆಯದು ಕೆಟ್ಟದ್ದು ಬಂತು. ತಲೆ ದೊಡ್ಡಪ್ಪನಿಗೆ, ನಡುವಿನ ಅಗಲ ತುಂಡುಗಳು ಗಂಡಸರಿಗೆ, ಬಾಲದ ಕಡೆಯ ಮುಳ್ಳು ನನಗೆ. ಆಯಿಗೆ ಪಳದಿಯ, ಅಂದರೆ ಮೀನುಸಾರಿನ, ರಸ. ರಸದಲ್ಲೇ ಎಲ್ಲ ರುಚಿ ಇಳಿದಿರ್ತದೆ ಎಂದು ಅವಳು ಹೇಳುತ್ತಿದ್ದಳು, ನಾನು ನಂಬಿದ್ದೆ ಬೇರೆ.

ಅಪ್ಪ ರಂಪಣಿಯ ತಾಂಡೇಲ, ಅಂದರೆ ಬಲೆಯ ಯಜಮಾನಿಕೆ ಅವನದು. ರಂಪಣಿ ಎಂಬ ಆ ದೊಡ್ಡ ಬಲೆಯನ್ನು ದೋಣಿಯವರು ಸಮುದ್ರದಲ್ಲಿ ಬಳಸಿ ಬಿಟ್ಟು ಬರುತ್ತಿದ್ದರು. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಮರಳಿನ ಮೇಲೆ ನಿಂತು ಎಳೆಯುವುದಕ್ಕೆ ಊರಿಗೆ ಊರೇ ಬೇಕು. ಶಾಲೆಗೆ ಹೊರಟ ಮಕ್ಕಳು, ಪೇಟೆಗೆ ಹೊರಟವರು, ಸುಮ್ಮನೆ ನೋಡಲು ಬಂದವರು, ಯಾರಿದ್ದರೂ ಸರಿ. ದಂಡೆಯಲ್ಲಿ ಒಂದೇ ಕಾನೂನು: ಹಗ್ಗಕ್ಕೆ ಕೈ ಹಚ್ಚಿದವರಿಗೆ ಪಾಲು ಉಂಟು. ಜಾತಿ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ. ಒಮ್ಮೆ ನಾನೂ ಅಣ್ಣ ಮಂಜುವೂ ಹಗ್ಗ ಹಿಡಿದು ಎಳೆದಿದ್ದೆವು. ಬಲೆ ಮೇಲೆ ಬಂದಾಗ ಅಪ್ಪ ಮಂಜುವಿನ ಟೊಪ್ಪಿಗೆಗೆ ಒಂದು ಬೊಗಸೆ ತಾರ್ಲಿ ಹಾಕಿದ, ನನ್ನ ಲಂಗದ ಮಡಿಲಿಗೂ ಅಷ್ಟೇ ಒಂದು ಬೊಗಸೆ ಹಾಕಿದ. ಹೆಣ್ಣುಹುಡುಗಿಗೆ ಎಂತಕ್ಕೆ ಎಂದು ಒಬ್ಬ ನಕ್ಕದ್ದಕ್ಕೆ ಅಪ್ಪ ಅವನ ಮುಖವನ್ನೂ ನೋಡದೆ ಹೇಳಿದ:

"ಹಗ್ಗಕ್ಕೆ ಗೊತ್ತಾತದ್ಯ, ಎಳ್ದದ್ದು ಗಂಡೋ ಹೆಣ್ಣೋ ಅಂತ?"

ಆ ಮೀನನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಓಡಿದ್ದು ನನಗೆ ಈಗಲೂ ಮೈಯಲ್ಲಿ ನೆನಪಿದೆ. ಲಂಗ ಒದ್ದೆ, ತೊಡೆ ತಣ್ಣಗೆ, ಮೈಯೆಲ್ಲ ಹುರುಪೆಯ ಮಿಂಚು. ಆದರೆ ಅಪ್ಪನ ಈ ಕಾನೂನು ನಮ್ಮ ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಒಳಗೆ ನಡೆಯುತ್ತಿದ್ದದ್ದು ದೊಡ್ಡಪ್ಪನ ಕಾನೂನು.

ದೊಡ್ಡಪ್ಪ ಅಪ್ಪನ ಅಣ್ಣ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮುಂಬಯಿಯಲ್ಲಿ ಹಡಗಿನ ಕಂಪನಿಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಒಂದು ಕರಿಯ ಕೋಟು, ಒಂದು ಆರಾಮಕುರ್ಚಿ ಮತ್ತು ಹೊಟ್ಟೆ ತುಂಬ ಇಂಗ್ಲಿಷು ತಂದು ನಮ್ಮ ಮನೆ ಸೇರಿದ್ದ. ಕೋಟಿಗೆ ಒಣಮೀನಿನ ವಾಸನೆ ಹತ್ತುತ್ತದೆ ಎಂದು ಆಯಿಯ ಮೇಲೆ ದಿನಾ ಒಂದು ರಂಪ. ಆ ಒಣಮೀನು ಮಾರಿಯೇ ಅವನ ಕಾಪಿಪುಡಿ ಬರುತ್ತಿತ್ತು. ಅದನ್ನು ಅವನಿಗೆ ಹೇಳುವವರು ಯಾರು? ಅಪ್ಪನಿಗೆ ಅಣ್ಣನೆಂದರೆ ದೇವರು. ಸಮುದ್ರದಲ್ಲಿ ಅಷ್ಟು ಜನರ ಮೇಲೆ ಗದರುವ ಅಪ್ಪ ಮನೆಯೊಳಗೆ ಬಂದರೆ ಬಾಯಿಗೆ ಬೀಗ ಹಾಕಿಕೊಂಡು, ಅಣ್ಣ ಹಾಕಿದ ಗೆರೆ ದಾಟದೆ ಕೂರುತ್ತಿದ್ದ. ಇದಕ್ಕೂ ನನಗೆ ಸಿಟ್ಟೇ.

ಸಂಜೆಯ ಊಟಕ್ಕೆ ಒಂದು ಕ್ರಮವಿತ್ತು. ಅನ್ನ ಬಡಿಸಬೇಕು, ಪಳದಿ ಬಡಿಸಬೇಕು, ಮೀನಿನ ತುಂಡು ಮಾತ್ರ ದೊಡ್ಡಪ್ಪನ ಮುಂದಿನ ಬಟ್ಟಲಲ್ಲಿ ಇರಬೇಕು. ಅವನು ಕೈತೊಳೆದು ಬಂದು ಕೂತು, ಮಂಜುವಿನ ಕಡೆ ನೋಡಿ, ಎರಡು ಇಂಗ್ಲಿಷ್ ಶಬ್ದ ಎಸೆಯುತ್ತಿದ್ದ. ಲುಕ್, ಸೀ. ಬಿಗ್, ಗ್ರೇಟ್. ಹೌಸ್, ಹೋಮ್. ಎರಡೂ ಒಂದೇ ಎಂದು ಕಾಣುವ ಜೋಡಿಗಳು. ಫರಕು ಹೇಳಿದರೆ ನಡುವಿನ ತುಂಡು ಮಂಜುವಿನ ತಾಟಿಗೆ ಬರುತ್ತಿತ್ತು. ಹೇಳದಿದ್ದರೆ ಇಲ್ಲ. ಉತ್ತರ ಬರುವ ತನಕ ಯಾರೂ ಅನ್ನ ಕಲಸುವಂತಿಲ್ಲ. ಬೆಳಗಿನ ಜಾವ ಎದ್ದು ಸಮುದ್ರಕ್ಕೆ ಹೋಗಿ ಬಂದ ಅಪ್ಪ, ಅವನೇ ಹಿಡಿದು ತಂದ ಮೀನು, ಅವನ ಹೆಂಡತಿ ಬೇಯಿಸಿದ ಅನ್ನ, ಎಲ್ಲವೂ ದೊಡ್ಡಪ್ಪನ ಎರಡು ಶಬ್ದಗಳ ಮುಂದೆ ತಣ್ಣಗಾಗುತ್ತ ಕೂರಬೇಕು. ಮಂಜು ತಲೆ ಕೆರೆದುಕೊಳ್ಳುತ್ತ ಕೂತರೆ ದೊಡ್ಡಪ್ಪ ಹೇಳುತ್ತಿದ್ದ:

"ಎಂತದೋ, ಬಾಯಲ್ಲಿ ಬಲೆ ಸಿಕ್ಕಂಡಿತ್ತನ? ಇಂಗ್ಲಿಷಿನವ ಒಂದು ಕೆಲ್ಸಕ್ಕೆ ಎರಡು ಶಬ್ದ ಸುಮ್ನೆ ಇಡೂದಿಲ್ಲ. ಹುಡುಕು."

ಅವನಿಗೆ ಫರಕು ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಚೆನ್ನಾಗಿ ಗೊತ್ತಿತ್ತು. ಕೊನೆಗೆ ಅವನೇ ಬಿಡಿಸಿ ಹೇಳುವಾಗ ಆ ಎರಡು ಶಬ್ದ ಬೇರೆ ಬೇರೆಯಾಗಿ ಬಂದು ನಿಲ್ಲುತ್ತಿದ್ದವು. ಕಣ್ಣಿಗೆ ಬಿದ್ದದ್ದು ಸೀ, ನಾವು ಕಣ್ಣು ಹಾಕಿದ್ದು ಲುಕ್. ಕಿವಿಗೆ ಬಿದ್ದದ್ದು ಹಿಯರ್, ಕಿವಿ ಕೊಟ್ಟದ್ದು ಲಿಸನ್. ಇಷ್ಟು ಚಂದ ಹೇಳಬಲ್ಲ ಮನುಷ್ಯ ಒಂದು ಸಲವಾದರೂ ಪಳದಿಯ ಪಾತ್ರೆ ಹಿಡಿದು ಎದುರಿಗೇ ನಿಂತ ಹುಡುಗಿಯ ಕಡೆ ತಿರುಗಿ, ನಿಂಗೆ ಗೊತ್ತಾತ ಎಂದು ಕೇಳಲಿಲ್ಲ. ಮಾತಿನಲ್ಲಿ ಅಷ್ಟು ಫರಕು ಕಾಣುವ ಕಣ್ಣಿಗೆ ಮನುಷ್ಯರು ಕಾಣುತ್ತಿರಲಿಲ್ಲ. ಹಿಯರ್, ಲಿಸನ್ ಹೇಳಿಕೊಟ್ಟವನು ಅವುಗಳ ಮೂರನೆಯ ಅಕ್ಕನ ಹೆಸರು ಹೇಳಲಿಲ್ಲ. ಅದನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ: ಓವರ್‌ಹಿಯರ್. ನಮಗೆಂದು ಆಡದ ಮಾತನ್ನು ಮರೆಯಲ್ಲಿ ನಿಂತು ಕೇಳಿಸಿಕೊಳ್ಳುವುದು. ನನ್ನ ಇಂಗ್ಲಿಷಿನ ಬುನಾದಿ ಅದು. ಬುನಾದಿ ಹಾಕಿದವರು ಎಂದು ಯಾರನ್ನಾದರೂ ಹೇಳಬೇಕಾದರೆ ಮೊದಲು ಆ ಗೋಡೆಯ ಕಿಂಡಿಯನ್ನು ಹೇಳಲಿ.

ಮಂಜುವಿಗೆ ಇಂಗ್ಲಿಷ್ ಬೇಡವಾಗಿತ್ತು. ಅವನಿಗೆ ದೋಣಿ ಬೇಕಿತ್ತು. ದಿನಾ ಸಂಜೆ ಅವನ ಮುಖ ನೋಡಿದರೆ ಅಳು ಬರುತ್ತಿತ್ತು. ಹಾಗಾಗಿ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಅನ್ನ ಬಡಿಸಲು ಬಗ್ಗಿದಾಗ ನಾನು ಅವನ ಕಿವಿಯಲ್ಲಿ ಉತ್ತರ ಉಸುರುವುದು, ಅವನು ಸ್ವಲ್ಪ ಹೊತ್ತು ಯೋಚಿಸಿದವನಂತೆ ಮಾಡಿ ಹೇಳುವುದು, ಸಿಕ್ಕಿದ ತುಂಡಿನಲ್ಲಿ ಅರ್ಧವನ್ನು ಅನ್ನದ ಕೆಳಗೆ ಅಡಗಿಸಿ ತಾಟು ತೊಳೆಯಲು ತಂದಾಗ ನನಗೆ ಕೊಡುವುದು. ಹಿತ್ತಿಲಿನ ಒಣಮೀನಿನ ಚಾಪೆಯ ಮರೆಯಲ್ಲಿ ನಿಂತು ನಾನು ಅದನ್ನು ತಿನ್ನುತ್ತಿದ್ದೆ. ಮಂಜು ಒಂದು ದಿನವೂ ಮೋಸ ಮಾಡಲಿಲ್ಲ. ಆ ಮನೆಯ ಗಂಡಸರಲ್ಲಿ ಪಾಲು ಎಂದರೇನೆಂದು ತಿಳಿದಿದ್ದವನು ಅವನೊಬ್ಬನೇ ಎಂದು ಆಗ ಅಂದುಕೊಂಡಿದ್ದೆ.

ಏಳನೆಯ ತರಗತಿಯ ಪರೀಕ್ಷೆಯ ವರ್ಷ ದೊಡ್ಡಪ್ಪ ಒಂದು ಸಂಜೆ ಮಂಜುವಿನ ಬೆನ್ನು ತಟ್ಟಿ ತೀರ್ಮಾನ ಹೇಳಿದ. ಒಂದು ವರ್ಷ ತಪ್ಪಿಹೋಗಿದ್ದರಿಂದ ಮಂಜುವೂ ನಾನೂ ಒಂದೇ ತರಗತಿಯಲ್ಲಿದ್ದೆವು.

"ಇವ್ನ ಕುಮಟೆಗೆ ಕಳಸ್ತೆ. ಅಲ್ಲಿ ಇಂಗ್ಲಿಷ್ ಶಾಲೆ ಹೆಡ್‌ಮಾಸ್ತರು ನನ್ನ ದೋಸ್ತಿ. ನನ್ನ ಪೆನ್ಶನ್ನಲ್ಲೇ ಓದಸ್ತೆ. ನಾಗಿಗೆ ಇನ್ನೆಂತಕೆ ಶಾಲೆ? ಏಳು ಆತಲ, ಸಾಕು. ಆಯಿ ಸಂಗ್ತಿಗೆ ಬುಟ್ಟಿ ಹೊರ್ಲಿ."

ಆಯಿ ಒಳಗೆ ಒಲೆ ಊದುತ್ತಿದ್ದವಳು ಊದುವುದನ್ನು ನಿಲ್ಲಿಸಿದಳು. ಅಪ್ಪ ಅನ್ನ ನೋಡುತ್ತ ಕೂತಿದ್ದ. ಮಂಜು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನನ್ನ ಉತ್ತರ ಹಿಡಿದುಕೊಂಡು ಅವನು ಹೋಗುತ್ತಾನೆ, ಆಯಿಯ ಮೀನುಬುಟ್ಟಿ ಹಿಡಿದುಕೊಂಡು ನಾನು ಉಳಿಯುತ್ತೇನೆ. ಅವನಿಗೆ ಹೋಗಲು ಮನಸ್ಸಿಲ್ಲ, ನನಗೆ ಉಳಿಯಲು ಮನಸ್ಸಿಲ್ಲ. ಒಂದೇ ಮಾತಿನಲ್ಲಿ ಇಬ್ಬರ ಬದುಕನ್ನೂ ಅದಲುಬದಲು ಮಾಡಿ ಆ ಮನುಷ್ಯ ಇಸವಾಣದ ತಲೆ ಚೀಪುತ್ತಿದ್ದ.

ಮುಂದಿನ ಭಾನುವಾರ ಮಧ್ಯಾಹ್ನ ಆ ಹೆಡ್‌ಮಾಸ್ತರರು ಹುಡುಗನನ್ನು ಪರೀಕ್ಷಿಸಲು ಕುಮಟೆಯಿಂದ ಬಂದರು. ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಪೆನ್ನು, ನಗುಮುಖ. ಅಪ್ಪ ಅವರಿಗೆಂದೇ ಇಸವಾಣ ತಂದಿದ್ದ. ದೊಡ್ಡಪ್ಪ ಬೆಳಗಿನಿಂದಲೇ ನನಗೆ ತಾಕೀತು ಮಾಡಿದ್ದ. ನಂಟರ ಎದುರು ಹೆಣ್ಣುಮಕ್ಕಳು ಸುಳಿಯುತ್ತ ನಿಲ್ಲಬಾರದು, ಬಡಿಸಬೇಕು, ಒಳಗೆ ಹೋಗಬೇಕು. ನಾನು ಬಡಿಸಿ ಒಳಗೆ ಹೋದೆ. ಹೋದವಳು ಬಾಗಿಲ ಮರೆಯಲ್ಲಿ ನಿಂತೆ. ಹೆಡ್‌ಮಾಸ್ತರರು ಅನ್ನದ ಮೇಲೆ ಕೈಯಿಟ್ಟು ಕೇಳಿದರು:

"ಸ್ಟೀಲ್, ರಾಬ್. ಹೇಳು ನೋಡುವಾ, ಮಗು."

ಮಂಜು ಬಾಗಿಲ ಕಡೆ ನೋಡಿದ. ಮಧ್ಯೆ ಅಷ್ಟು ದೂರ, ಕಿವಿಯಲ್ಲಿ ಉಸುರುವ ದಾರಿಯಿಲ್ಲ. ದೊಡ್ಡಪ್ಪನ ಮುಖ ಕಪ್ಪಾಗತೊಡಗಿತು. ಅನ್ನ ತಣ್ಣಗಾಗುತ್ತಿತ್ತು. ನನಗೆ ಎಲ್ಲಿಂದ ಧೈರ್ಯ ಬಂತೋ, ಹೊಸ್ತಿಲ ಮೇಲೆ ಬಂದು ನಿಂತು ಗಟ್ಟಿಯಾಗಿ ಹೇಳಿಬಿಟ್ಟೆ:

"ಯಾರಿಗೂ ಕಾಣದಾಂಗೆ ತಕಂಡು ಹೋಗೂದು ಸ್ಟೀಲ್. ಎದುರಿಗೇ ಕಸ್ಕಂಡು ಹೋಗೂದು ರಾಬ್."

ಹೆಡ್‌ಮಾಸ್ತರರು ತಿರುಗಿ ನೋಡಿ ನಕ್ಕರು. ಆ ನಗು ಕೆಟ್ಟದ್ದಲ್ಲ, ಅದಕ್ಕೇ ಇನ್ನೂ ಉರಿಯುತ್ತದೆ.

"ಭೇಷ್! ಹುಡುಗಿ ಚುರುಕಿದೆ. ಒಳ್ಳೇದೇ ಆತು, ನಾಳೆ ಇವಳ ಮಕ್ಕಳಿಗಾದ್ರೂ ಉಪಯೋಗ ಆಗ್ತದೆ."

"ಮಂಜು ಓದೂದು ಕೇಳಿ ಕೇಳಿ ಇದ್ರ ಬಾಯಿಗೂ ಬಂದದೆ," ಎಂದ ದೊಡ್ಡಪ್ಪ. ಹೇಳುತ್ತಲೇ ಬಟ್ಟಲಿನ ನಡುತುಂಡನ್ನು ಎತ್ತಿ ಮಂಜುವಿನ ತಾಟಿಗೆ ಹಾಕಿದ. ನನ್ನ ಕಣ್ಣೆದುರಿಗೆ, ಅಪ್ಪನ ಕಣ್ಣೆದುರಿಗೆ, ಪ್ರಶ್ನೆ ಕೇಳಿದವರ ಕಣ್ಣೆದುರಿಗೆ. ನಾನು ಉತ್ತರ ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದರೆ ಇದು. ಎಷ್ಟೋ ಸಂಜೆಗಳ ಮೀನು, ಕುಮಟೆಯ ಶಾಲೆ, ಬುಟ್ಟಿ, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ನಾನು ಕೂಗಿದೆ:

"ದೊಡ್ಡಪ್ಪಾ, ಇದು ರಾಬ್!"

ದೊಡ್ಡಪ್ಪ ಏಳಲು ಹೊರಟ, ನನಗೆ ಬೀಳುವುದು ಗ್ಯಾರಂಟಿ ಎಂದು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಗ ಅಪ್ಪ ತಲೆಯೆತ್ತಿದ. ಅವನಿಗೆ ಒಂದು ಅಕ್ಷರ ಇಂಗ್ಲಿಷ್ ಬಾರದು. ಈ ಊಟದ ಪರೀಕ್ಷೆಯಲ್ಲಿ ಅವನು ಅದುವರೆಗೆ ಒಂದು ಮಾತು ಆಡಿದವನಲ್ಲ. ನನ್ನನ್ನು ನೋಡಲಿಲ್ಲ, ಅಣ್ಣನನ್ನೂ ನೋಡಲಿಲ್ಲ, ಮಂಜುವಿನ ತಾಟಿನಲ್ಲಿದ್ದ ತುಂಡನ್ನು ನೋಡುತ್ತ ಕೇಳಿದ:

"ಮಂಜು, ಹಗ್ಗಕ್ಕೆ ಕೈ ಹಚ್ಚಿದ್ದು ಯಾರು?"

"ನಾಗಿ, ಅಪ್ಪಾ. ಇವತ್ತೊಂದೇ ಅಲ್ಲ. ಇಷ್ಟು ದಿವ್ಸವೂ ಅದೇ ನಂಗೆ ಹೇಳ್ಕೊಟ್ಟದ್ದು."

"ಹಂಗಾರೆ ಪಾಲು ಅದ್ರದು."

"ತಮ್ಮಾ," ಎಂದ ದೊಡ್ಡಪ್ಪ, "ಇದು ನಿನ್ನ ರಂಪಣಿ ದಂಡೆ ಅಲ್ಲ. ಊಟದ ಮನೆ."

"ಮೀನು ಬಂದದ್ದು ದಂಡೆಯಿಂದೇ, ಅಣ್ಣಾ."

ಅಷ್ಟು ಹೇಳಿ ಅಪ್ಪ ತನ್ನ ಪಕ್ಕದ ನೆಲವನ್ನು ಎಡಗೈಯಿಂದ ಒರೆಸಿದ.

"ನಾಗೀ, ತಾಟು ತಕಂಡು ಬಾ. ಕೂರು."

ನಾನು ಕೂತೆ. ಮಂಜು ಕೈ ಹಚ್ಚದೆ ಇಟ್ಟಿದ್ದ ತುಂಡನ್ನು ನನ್ನ ತಾಟಿಗೆ ದೂಡಿದ. ದೊಡ್ಡಪ್ಪ ಬಡಿಸಿದ ಅನ್ನ ಬಿಟ್ಟು ಎದ್ದು ಹೋಗಿ ಕೈ ತೊಳೆದ. ಹಿರಿಯನೊಬ್ಬ ನಡುವೆಯೇ ತಾಟು ಬಿಟ್ಟು ಏಳುವುದೆಂದರೆ ಆ ಮನೆಗೆ ಶಾಪ ಹಾಕಿದ ಹಾಗೆ. ಹೆಡ್‌ಮಾಸ್ತರರು ಪಾಪ, ತಲೆ ಬಗ್ಗಿಸಿಕೊಂಡು ಬೇಗ ಬೇಗ ಉಂಡು ಬಸ್ಸಿಗೆ ಹೊತ್ತಾಯಿತು ಎಂದರು. ಆ ತುಂಡಿನ ರುಚಿ ಹೇಗಿತ್ತು ಎಂದು ನನಗೆ ನೆನಪಿಲ್ಲ. ಅಷ್ಟು ಆಸೆಪಟ್ಟ ಮೀನನ್ನು ಹೆದರಿಕೆಯಿಂದ ನುಂಗಬೇಕಾಯಿತಲ್ಲ ಎಂಬ ಸಿಟ್ಟು ಮಾತ್ರ ಇದೆ.

ಕತೆ ಇಲ್ಲಿಗೆ ಮುಗಿದರೆ ಎಲ್ಲರಿಗೂ ಸಮಾಧಾನ. ಅಪ್ಪ ನ್ಯಾಯ ಮಾಡಿದ, ಮಗಳು ಗೆದ್ದಳು. ಈ ಕತೆ ಕೇಳಿದ್ದರೆ ನನ್ನ ವಿದ್ಯಾರ್ಥಿಗಳೂ ಇಲ್ಲಿಗೇ ಚಪ್ಪಾಳೆ ಹೊಡೆಯುತ್ತಿದ್ದರು. ನಾನೂ ಎಷ್ಟೋ ಸಲ ಇಲ್ಲಿಗೇ ನಿಲ್ಲಿಸಿದ್ದೇನೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮರುದಿನವೇ ದೊಡ್ಡಪ್ಪ ತನ್ನ ಲೆಕ್ಕ ತೀರಿಸಿದ. ಮಂಜುವಿಗೆ ಕುಮಟೆ ಇಲ್ಲ. ಮಂಜು ಕುಣಿದಾಡಿದ, ಅದು ಬೇರೆ ಮಾತು. ನನಗೆ ನಡುಮನೆಯಲ್ಲಿ ಬಡಿಸುವ ಕೆಲಸ ಇಲ್ಲ, ಊಟದ ಹೊತ್ತಿಗೆ ಅಡುಗೆಕೋಣೆಯಿಂದ ಹೊರಗೆ ಕಾಲಿಡುವಂತಿಲ್ಲ. ಹೊಗೆ ಬರುತ್ತದೆ ಎಂದು ನೆಪ ಹೇಳಿ ಗೋಡೆಯ ಆ ಕಿಂಡಿಗೆ ಹಲಗೆ ಹೊಡೆಸಿದ. ಹೊಗೆ ಅಂತೆ! ಆ ಹೊಗೆಯಲ್ಲೇ ಎಷ್ಟೋ ವರ್ಷಗಳ ಮೇಲೆ ಆಯಿ ಕೆಮ್ಮಿ ಕೆಮ್ಮಿ ಸತ್ತಳು. ಅಪ್ಪ ಒಂದೇ ಒಂದು ಮಾತು ಉಳಿಸಿಕೊಂಡ, ಹುಡುಗಿ ಪಾಸಾದರೆ ಊರಿನ ಹೈಸ್ಕೂಲಿಗೆ ಹೋಗಲಿ ಎಂದ. ಅದಕ್ಕೆ ದೊಡ್ಡಪ್ಪ ಆರಾಮಕುರ್ಚಿಯಿಂದಲೇ ಹೇಳಿದ:

"ಆತು. ಇಂಗ್ಲಿಷಲ್ಲಿ ಪಾಸಾದ್ರೆ ಹೋಗ್ಲಿ. ನಾನಿಲ್ದೇ ಹೆಂಗೆ ಪಾಸಾತದೆ ನೋಡ್ತೆ."

ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರು ಬಂದ ದಿನಕ್ಕಿಂತ ಬರದ ದಿನವೇ ಹೆಚ್ಚು. ಅದು ಅವನಿಗೆ ಗೊತ್ತಿತ್ತು. ಇತ್ತ ನಡುಮನೆಯಲ್ಲಿ ಪರೀಕ್ಷೆ ನಿಲ್ಲಲಿಲ್ಲ. ಚಟ ಬಿಡುವುದು ಹೇಗೆ? ದಿನಾ ಎರಡು ಶಬ್ದ ಎಸೆಯುವುದು, ಮಂಜು ಬಾಯಿ ಬಿಡುವುದು, ದೊಡ್ಡಪ್ಪ ತಾನೇ ಬಿಡಿಸಿ ಹೇಳುವುದು, ನಡುತುಂಡು ತಾನೇ ತಿನ್ನುವುದು. ನನಗೆ ಹಲಗೆಯ ಈಚೆಯಿಂದ ಗುಂಯ್ ಎಂಬ ದನಿ ಮಾತ್ರ ಕೇಳಿಸುತ್ತಿತ್ತು. ಮೊದಲ ಸಂಜೆ ಒಲೆಯ ಮುಂದೆ ಕೂತು ಹಲ್ಲು ಕಚ್ಚಿ ಅತ್ತೆ. ಪರೀಕ್ಷೆಗೆ ಉಳಿದದ್ದು ಒಂದು ಮಳೆಗಾಲಕ್ಕೂ ಕಡಿಮೆ.

ಈಗ ಬಡಿಸುತ್ತಿದ್ದವಳು ಆಯಿ. ಎರಡನೆಯ ಸಂಜೆಯೋ ಮೂರನೆಯದೋ, ಅವಳು ಅನ್ನದ ಪಾತ್ರೆ ಹಿಡಿದು ಒಳಗೆ ಬಂದಾಗ ತುಟಿ ಅಲುಗುತ್ತಿತ್ತು. ದೇವರ ನಾಮ ಹೇಳುತ್ತಿದ್ದಾಳೆ ಅಂದುಕೊಂಡೆ. ಪಾತ್ರೆಯನ್ನು ಕೆಳಗಿಡದೆ ನನ್ನ ಕಿವಿಗೆ ಬಾಯಿಟ್ಟು, ಬೊಗಸೆಯಲ್ಲಿ ನೀರು ತಂದವಳ ಹಾಗೆ ಅವಸರ ಅವಸರವಾಗಿ ಹೇಳಿದಳು:

"ಹೋಪು, ಎಸ್ಪೆಟ್ಟು. ಹಿಡ್ಕ ಬೇಗ, ಬಿದ್ದೋತದೆ."

ನಾನು ಬೆಪ್ಪಾಗಿ ನೋಡಿದೆ. ಹೋಪ್, ಎಕ್ಸ್‌ಪೆಕ್ಟ್! ಆಯಿ ಓದಿದವಳಲ್ಲ. ಅವಳಿಗೆ ಆ ಶಬ್ದಗಳು ಯಾವ ಊರಿನವು ಎಂದೂ ತಿಳಿಯದು. ಮತ್ತೆ ಪಳದಿ ತೆಗೆದುಕೊಂಡು ಹೋದಳು, ಬಂದಳು, ಈ ಸಲ ಅರ್ಥ ತಂದಿದ್ದಳು. ದೊಡ್ಡಪ್ಪ ಹೇಳಿದ್ದನ್ನು ದಾರಿಯಲ್ಲಿ ತನ್ನ ಮಾತಿಗೆ ತಿರುಗಿಸಿಕೊಂಡಿದ್ದಳು:

"ಮೊದಲಿಂದು, ದೋಣಿ ಬಂದ್ರೆ ಸಾಕಪ್ಪ ದೇವ್ರೇ ಅಂತ ಕೂರೂದು. ಮತ್ತೊಂದು, ಬಂದೇ ಬತ್ತದೆ ಅಂತ ಅನ್ನಕ್ಕೆ ನೀರಿಡೂದು. ಹಿಡ್ಕಂಡ್ಯಾ?"

"ಹಿಡ್ಕಂಡೆ, ಆಯಿ."

"ಹಂಗಾರೆ ನಾ ಬಿಟ್ಟೆ. ನಾಳೆದು ಇಡೂಕೆ ಜಾಗ ಬೇಕು."

ಅಂದಿನಿಂದ ಪರೀಕ್ಷೆಯ ಹಿಂದಿನ ಸಂಜೆಯವರೆಗೆ ಅವಳು ತಂದಳು. ಮೊದಲ ಹೋಗಿಬರುವಿಕೆಯಲ್ಲಿ ಎರಡು ಶಬ್ದ, ಎರಡನೆಯದರಲ್ಲಿ ಫರಕು. ಕೆಲವು ದಾರಿಯಲ್ಲಿ ಚೂರಾಗಿ ಬರುತ್ತಿದ್ದವು, ನಾನು ಕೂಡಿಸಿಕೊಳ್ಳುತ್ತಿದ್ದೆ. ಮಂಜು ಬೇಕೆಂದೇ ಮತ್ತೊಮ್ಮೆ ಹೇಳು ದೊಡ್ಡಪ್ಪ ಎಂದು ಕೇಳುತ್ತಿದ್ದ, ಆಯಿಗೆ ಇನ್ನೊಂದು ಸಲ ಕಿವಿಗೆ ಬೀಳಲಿ ಎಂದು. ಹುಡುಗನಿಗೆ ಈಗೀಗ ಆಸಕ್ತಿ ಬಂದಿದೆ ಎಂದು ದೊಡ್ಡಪ್ಪ ಖುಷಿಪಟ್ಟ. ಅನ್ನ ಸಾಕೋ ಬೇಕೋ ಎಂದು ಕೇಳುತ್ತ ಅವನ ತಾಟಿನ ಮುಂದೆ ಬಗ್ಗಿ ನಿಂತ ಹೆಂಗಸು ಅವನ ಬಾಯಿಂದ ಬಿದ್ದದ್ದನ್ನೆಲ್ಲ ಹೆಕ್ಕಿಕೊಂಡು ಹೋಗುತ್ತಿದ್ದಾಳೆ ಎಂದು ಅವನಿಗೆ ಸಾಯುವವರೆಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಾದರೆ ಅವಳನ್ನು ಅವನು ನೋಡಬೇಕಿತ್ತಲ್ಲ.

ನಾನು ಪಾಸಾದೆ. ಆ ದಿನ ಅಪ್ಪ ದೊಡ್ಡ ಇಸವಾಣವನ್ನೇ ತಂದ. ನನ್ನ ಇಂಗ್ಲಿಷು ಮನೆತನದ ರಕ್ತದಲ್ಲೇ ಇದೆ ಎಂದು ದೊಡ್ಡಪ್ಪ ಜಗಲಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ಹೇಳಿದ. ಆ ನಿರೂಪಕ ಹುಡುಗನಿಗೆ ಮುಟ್ಟಿದ ಕತೆ ಅಲ್ಲಿಂದಲೇ ಹೊರಟದ್ದು. ಅಪ್ಪ ನನ್ನನ್ನು ಮತ್ತೆ ನಡುಮನೆಗೆ ಕರೆದು ಪಕ್ಕದಲ್ಲಿ ಕೂರಿಸಿ ನಡುತುಂಡನ್ನು ತಾನೇ ಬಡಿಸಿದ. ಎಲ್ಲರೂ ಎದ್ದ ಮೇಲೆ ಆಯಿ ಒಲೆಯ ಮುಂದೆ ತಾಟು ಹಾಕಿಕೊಂಡಳು. ಪಾತ್ರೆಯಲ್ಲಿ ರಸವಿತ್ತು. ನಾನು ನನ್ನ ತುಂಡಿನಲ್ಲಿ ಅರ್ಧ ಮುರಿದು ತಂದು ಅವಳ ಅನ್ನದ ಮೇಲೆ ಇಟ್ಟೆ. ಅವಳು ಅದನ್ನು ಎತ್ತಿ ನನ್ನ ಕೈಗೇ ವಾಪಸು ಕೊಟ್ಟಳು.

"ಅದು ನಿನ್ನ ಪಾಲು. ನಂಗೆಂತಕೆ?"

ಇದೊಂದನ್ನು ನಾನು ಯಾರಿಗೂ ಬಿಡುವುದಿಲ್ಲ, ದೊಡ್ಡಪ್ಪನಿಗೂ ಇಲ್ಲ, ಅಪ್ಪನಿಗೂ ಇಲ್ಲ. ಹಗ್ಗಕ್ಕೆ ಕೈ ಹಚ್ಚಿದ್ದು ಯಾರು ಎಂದು ಆ ಭಾನುವಾರ ಕೇಳಿದ ಅಪ್ಪ, ಅದೇ ಪ್ರಶ್ನೆಯನ್ನು ನಾನು ಪಾಸಾದ ದಿನ ಕೇಳಲಿಲ್ಲ. ಅಡುಗೆಕೋಣೆಯ ಕಡೆ ತಿರುಗಿ ಕೇಳಿದ್ದರೆ ಸಾಕಿತ್ತು. ಆಯಿ ಆ ಮನೆಗೆ ಬಂದಂದಿನಿಂದ ಎಲ್ಲರ ಹಗ್ಗ ಎಳೆದಳು, ತನಗೂ ಒಂದು ಪಾಲಿದೆ ಎನ್ನುವುದೇ ಅವಳಿಗೆ ಮರೆತುಹೋಗುವಷ್ಟು ಎಳೆದಳು. ಅದಕ್ಕೆ ನನಗೆ ಸಿಟ್ಟು. ಮೊನ್ನೆ ಆ ವೇದಿಕೆಯ ಮೇಲೆ ದೊಡ್ಡಪ್ಪನ ಹೆಸರನ್ನು ಶ್ರೀಯುತ ಸೇರಿಸಿ ಮತ್ತೆ ಮತ್ತೆ ಹೇಳಿದರು. ಆಯಿಯ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಅವಳ ಹೆಸರು ಮಾದೇವಿ.